ತಂದೆಯ ದಂಡ ಮಗುವಿಗಿಲ್ಲ: ವಲಸೆ ಕಾನೂನು ಮತ್ತು ಅಭಯಧರ್ಮ

ದೇಶದೊಳಗೆ ಯಾರು ಬರಬಹುದು, ಎಷ್ಟು ದಿನ ಇರಬಹುದು, ಯಾರು ಹೊರಡಬೇಕು ಎಂದು ತೀರ್ಮಾನಿಸುವ ಅಧಿಕಾರ ರಾಜ್ಯದ್ದು. ಆ ಅಧಿಕಾರ ಚಲಾವಣೆಯಾಗುವುದು ದೊಡ್ಡವರ ಮೇಲೆ. ವೀಸಾ ಅರ್ಜಿಗೆ ಸಹಿ ಹಾಕಿದವರು, ಅವಧಿ ಮೀರಿ ಉಳಿದವರು, ಸುಳ್ಳು ಕಾಗದಪತ್ರ ಮಾಡಿಸಿಕೊಂಡವರು ಅವರೇ. ಆದರೆ ಪೆಟ್ಟು ಮನೆಯ ಮಕ್ಕಳಿಗೂ ತಾಗುತ್ತದೆ. ತಂದೆಯನ್ನು ಹಿಡಿದೊಯ್ದಾಗ ಶಾಲೆ ತಪ್ಪುವುದು ಮಗುವಿಗೆ. ತಾಯಿಯನ್ನು ಗಡಿಪಾರು ಮಾಡಿದಾಗ ಹುಟ್ಟಿ ಬೆಳೆದ ಊರನ್ನು ಬಿಟ್ಟುಹೋಗಬೇಕಾದದ್ದೂ ಮಗುವೇ. ತಪ್ಪು ಮಾಡದ ಜೀವಕ್ಕೆ ತಟ್ಟುವ ಈ ನೋವು ಧರ್ಮಕ್ಕೆ ಒಪ್ಪುವಂಥದ್ದೇ ಎಂಬುದು ವಕೀಲರಿಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ. ಮತಧರ್ಮಗಳೂ ತತ್ತ್ವಶಾಸ್ತ್ರವೂ ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಇಲ್ಲಿ ಎರಡು ಧರ್ಮಗಳು ಎದುರುಬದುರಾಗುತ್ತವೆ. ಒಂದು ರಾಜಧರ್ಮ: ನಾಡಿನ ಎಲ್ಲೆ ಕಾಯುವುದು, ನಿಯಮ ಮುರಿದವರನ್ನು ದಂಡಿಸುವುದು. ಇನ್ನೊಂದು ಅಭಯಧರ್ಮ: ಆಸರೆ ಬೇಡಿ ಬಂದವರನ್ನು, ದಿಕ್ಕಿಲ್ಲದವರನ್ನು ಕಾಯುವುದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನೆಲಕ್ಕೆ ಈ ಎರಡರ ಪರಿಚಯವೂ ಚೆನ್ನಾಗಿಯೇ ಇದೆ. ಇಲ್ಲಿಂದ ಪರದೇಶಕ್ಕೆ ಹೋದವರಿಲ್ಲದ ಊರು ಸಿಗುವುದು ಕಷ್ಟ. ಹೊರಗಿನಿಂದ ಬಂದು ನೆಲೆನಿಂತವರಿಲ್ಲದ ಪೇಟೆಯೂ ಇಲ್ಲ.

ಬಂದವರು ಕಟ್ಟಿದ ಕರಾವಳಿ

ಉಡುಪಿಯ ಆರಾಧ್ಯದೈವವೇ ಸಮುದ್ರ ದಾಟಿ ಬಂದದ್ದೆಂದು ಸಂಪ್ರದಾಯ ಹೇಳುತ್ತದೆ. 13ನೇ ಶತಮಾನದಲ್ಲಿ ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ದಡ ಮುಟ್ಟಿಸಿದರು. ದ್ವಾರಕೆಯ ಕಡೆಯಿಂದ ಬಂದ ಆ ಹಡಗಿನಲ್ಲಿದ್ದ ಗೋಪೀಚಂದನದ ಹೆಂಟೆಯೊಳಗಿಂದ ಕೃಷ್ಣನ ವಿಗ್ರಹ ದೊರೆಯಿತು ಎಂಬುದು ಕಥೆ. ಕರಾವಳಿಯ ಮೊಗವೀರರು ನಂಬುವ ಬೊಬ್ಬರ್ಯ ದೈವದ ಹುಟ್ಟೂ ಎರಡು ಕುಲಗಳ ನಡುವಿನದು. ತುಳು ಹಾಡುಗಥೆಯಾದ ಪಾಡ್ದನದ ಒಂದು ಪಾಠದ ಪ್ರಕಾರ ಅವನ ತಾಯಿ ಜೈನ ಮನೆತನದವಳು, ತಂದೆ ಮುಸ್ಲಿಂ ವ್ಯಾಪಾರಿ. ಹುಟ್ಟಿನ ಗುರುತನ್ನು ಮುಚ್ಚಿಡದೆಯೇ ಈ ನೆಲ ಅವನನ್ನು ದೈವವಾಗಿ ಒಪ್ಪಿಕೊಂಡಿತು.

ಇತಿಹಾಸದಲ್ಲೂ ಇದೇ ಮಾದರಿ ಕಾಣುತ್ತದೆ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. 1560ರಲ್ಲಿ ಅಲ್ಲಿ ಧರ್ಮವಿಚಾರಣಾ ನ್ಯಾಯಾಲಯ ನೆಲೆಯೂರಿತು. ಆ ಶತಮಾನದಲ್ಲಿ ಕೊಂಕಣಿ ಮಾತನಾಡುವ ಕುಟುಂಬಗಳು ದೇವರನ್ನೂ ಮಕ್ಕಳನ್ನೂ ಹೊತ್ತುಕೊಂಡು ದಕ್ಷಿಣಕ್ಕೆ ಬಂದದ್ದು ಹೆಚ್ಚಿತು. ಜೈನ ಭೈರರಸರ ಕಾರ್ಕಳದಲ್ಲಿ ಗೌಡ ಸಾರಸ್ವತರು ನೆಲೆ ಕಂಡುಕೊಂಡರು. ಪಡುತಿರುಪತಿ ಎಂದು ಹೆಸರಾದ ವೆಂಕಟರಮಣ ದೇವಸ್ಥಾನ ಅವರ ಬಾಳಿನ ಕೇಂದ್ರವಾಯಿತು. ಅದೇ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿ ಎತ್ತರದ ಬಾಹುಬಲಿ, 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿ, ಪಕ್ಕದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ ಇವೆ. ಗೋವೆಯ ಕಡೆಯಿಂದಲೇ ಬಂದ ಕೊಂಕಣಿ ಕ್ರೈಸ್ತರ ಯಾತ್ರಾಸ್ಥಳವದು.

ಆಸರೆ ಕೊಟ್ಟ ನೆಲ ಕಿತ್ತೆಬ್ಬಿಸುವುದನ್ನೂ ಕಂಡಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಡಳಿತ, ಬ್ರಿಟಿಷರ ಪರ ನಿಂತವರೆಂಬ ಶಂಕೆಯ ಮೇಲೆ, ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಯಿತು. ಬದುಕುಳಿದವರು ಮರಳಿದ್ದು 1799ರ ನಂತರ. ಶಂಕೆ ಇದ್ದದ್ದು ದೊಡ್ಡವರ ಮೇಲೆ; ಘಟ್ಟ ಹತ್ತಿದ ಸಾಲಿನಲ್ಲಿ ಮಕ್ಕಳೂ ಇದ್ದರು.

ನಮ್ಮ ಕಾಲದಲ್ಲಿ ಹೊರಹೋಗುವವರ ಸಂಖ್ಯೆಯೇ ದೊಡ್ಡದು. ಮುಂಬೈಯ ಹೋಟೆಲುಗಳಿಗೆ ಹೊರಟ ತಲೆಮಾರಿನ ಬೆನ್ನಿಗೆ ಕೊಲ್ಲಿ ರಾಷ್ಟ್ರಗಳಿಗೆ ಹೊರಟ ತಲೆಮಾರು ಬಂತು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಭಾರತ ಸರ್ಕಾರ ಸುಮಾರು 1.7 ಲಕ್ಷ ಜನರನ್ನು ವಿಮಾನಗಳಲ್ಲಿ ಕರೆತಂದಿತು. ಅವರಲ್ಲಿ ಕರಾವಳಿಯ ಕುಟುಂಬಗಳೂ ಇದ್ದವು. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದ ಉಡುಪಿಯವರೇ ಶಿರೂರು ಚೆಕ್‌ಪೋಸ್ಟಿನಲ್ಲಿ ಸಾಲುನಿಂತರು. ಕೊರೊನಾ ಸೋಂಕು ತಂದವರೆಂಬ ಸಂಶಯ ಸ್ವಂತ ಊರಿನಲ್ಲೇ ಅವರನ್ನು ಎದುರುಗೊಂಡಿತು. ಹೊರಗಿನವರೆನಿಸಿಕೊಳ್ಳಲು ಗಡಿ ದಾಟಬೇಕೆಂದೇನೂ ಇಲ್ಲ ಎಂಬುದು ಅಂದು ಬಹಳ ಮನೆಗಳಿಗೆ ತಿಳಿಯಿತು.

ಕಾನೂನು ಮನೆಯೊಳಗೆ ಬರುವ ಬಗೆ

ಗಲ್ಫ್‌ನಲ್ಲಿ ಒಂದು ಕುಟುಂಬದ ಇರವು ಒಬ್ಬನ ಇಕಾಮಾದ, ಅಂದರೆ ವಾಸಪತ್ರದ ಮೇಲೆ ನಿಂತಿರುತ್ತದೆ. ಖಫೀಲ, ಅಂದರೆ ಕೆಲಸ ಕೊಟ್ಟು ಜವಾಬ್ದಾರಿ ಹೊತ್ತವನು, ತಂದೆಯ ವಾಸಪತ್ರವನ್ನು ನವೀಕರಿಸದಿದ್ದರೆ ಅದನ್ನೇ ನೆಚ್ಚಿಕೊಂಡ ಹೆಂಡತಿ ಮಕ್ಕಳ ಪತ್ರಗಳೂ ಅದರ ಜೊತೆಗೇ ಮುಗಿಯುತ್ತವೆ. ಅಲ್ಲಿಯೇ ಹುಟ್ಟಿದ ಮಗುವಿಗೂ ಆ ದೇಶದ ಪೌರತ್ವವಿಲ್ಲ. ಅದರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ದಮ್ಮಾಮ್ ಎಂದಿರುತ್ತದೆ, ವಿಳಾಸ ಕಾಪು ಎಂದಿರುತ್ತದೆ. ಕಾಪುವಿಗೆ ಅದು ಬಂದಿರುವುದು ಬೇಸಿಗೆ ರಜೆಯಲ್ಲಿ ಮಾತ್ರ. ಕೆಲಸ ಬಿಟ್ಟು ಓಡಿಹೋದ ಎಂದು ಖಫೀಲ ದೂರು ಕೊಟ್ಟರಂತೂ ತಂದೆ ಬೀದಿಗೆ ಕಾಲಿಡಲೂ ಹೆದರುವ ಸ್ಥಿತಿ ಬರುತ್ತದೆ. ಕೊನೆಗೆ ರಾಯಭಾರ ಕಚೇರಿ ಕೊಡುವ ಔಟ್‌ಪಾಸ್ ಹಿಡಿದು, ಒಂದೇ ಬಾರಿಗೆ ಸಲ್ಲುವ ಆ ಕಾಗದದಲ್ಲಿ, ಊರಿಗೆ ಬರಬೇಕಾಗುತ್ತದೆ.

ಬಂಧನವೇ ಆಗಬೇಕೆಂದಿಲ್ಲ, ಶುಲ್ಕವೂ ಅದೇ ಕೆಲಸ ಮಾಡುತ್ತದೆ. ಸೌದಿ ಅರೇಬಿಯಾ 2017ರ ಜುಲೈಯಿಂದ ವಿದೇಶಿ ನೌಕರರ ಅವಲಂಬಿತರಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಇರುವ ಸಾಧಾರಣ ಸಂಬಳದವನಿಗೆ ಇದು ಹೊರಲಾಗದ ಹೊರೆ. ಅಪ್ಪ ಅಲ್ಲಿ, ಅಮ್ಮ ಮಕ್ಕಳು ಇಲ್ಲಿ ಎಂಬ ಏರ್ಪಾಡು ಅನೇಕ ಮನೆಗಳಿಗೆ ಹೀಗೆ ಬಂತು. ಶಾಲಾ ವರ್ಷದ ನಡುವೆ ಬಂದ ಮಗುವಿಗೆ ಟಿ.ಸಿ. ಮೇಲೆ ರಾಯಭಾರ ಕಚೇರಿಯ ಮುದ್ರೆ ಬೇಕು, ಅದುವರೆಗೆ ಓದಿರದ ಕನ್ನಡವನ್ನು ಓದಬೇಕು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಸಲೀಸಾಗಿ ಆಡುವ ಮಗು ತರಗತಿಯಲ್ಲಿ ಬಾಯಿ ಕಟ್ಟಿಕೊಂಡು ಕೂರುತ್ತದೆ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಆತಂಕದ ರೂಪ ಬೇರೆ. ಎಚ್-1ಬಿ ಉದ್ಯೋಗಿಯ ಮಗು ಎಚ್-4 ವೀಸಾದಲ್ಲಿ ಬೆಳೆಯುತ್ತದೆ; ಗ್ರೀನ್ ಕಾರ್ಡಿನ ಸಾಲು ಭಾರತೀಯರಿಗೆ ದಶಕಗಳಷ್ಟು ಉದ್ದವಿರುವುದರಿಂದ ಎಷ್ಟೋ ಮಕ್ಕಳಿಗೆ ಸರದಿ ಬರುವ ಮೊದಲೇ 21 ತುಂಬುತ್ತದೆ. ಆ ದಿನದಿಂದ ತಂದೆತಾಯಿಯ ಆಸರೆ ಕಾನೂನಿನ ಕಣ್ಣಿಗೆ ಇಲ್ಲ. ಸ್ವಂತ ವೀಸಾ ದಕ್ಕಿಸಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ಕಾಗದವಿಲ್ಲದವರ ಪಾಡು ಇದಕ್ಕಿಂತ ಕಠೋರ. 2018ರಲ್ಲಿ ಮೆಕ್ಸಿಕೊ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಲಾಯಿತು. ದೇಶದೊಳಗೇ ದೊಡ್ಡ ವಿರೋಧ ಎದ್ದ ಮೇಲೆ ಜೂನ್ ತಿಂಗಳಲ್ಲಿ ಆ ಕ್ರಮ ನಿಂತಿತು. 2025ರ ಜನವರಿಯಲ್ಲಿ, ಶಾಲೆ, ಇಗರ್ಜಿ, ಆಸ್ಪತ್ರೆಗಳಲ್ಲಿ ವಲಸೆ ಬಂಧನ ನಡೆಸದಂತೆ ಇದ್ದ ಮಾರ್ಗಸೂಚಿಯನ್ನೂ ಹಿಂತೆಗೆದುಕೊಳ್ಳಲಾಯಿತು. ಅದರ ಮರುತಿಂಗಳು, ಫೆಬ್ರವರಿ 5ರಂದು, 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಅವರಲ್ಲಿ ಮಕ್ಕಳೂ ಇದ್ದರು.

ಭಾರತವೂ ಹೊರದೂಡುವ ದೇಶವೇ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಗಡಿಪಾರಿಗೆ ಕಾಯುವ ವಿದೇಶಿಯರನ್ನು ಇರಿಸಲು ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿ ಕೇಂದ್ರವಿದೆ. ಪೌರತ್ವ ಕಾಯ್ದೆ ಮೂರು ಹಂತಗಳಲ್ಲಿ ಬಿಗಿಯಾಗುತ್ತ ಬಂದಿದೆ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದ್ದೇ ಸಾಕಿತ್ತು. ಆಮೇಲೆ ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ, ಒಬ್ಬರು ಭಾರತೀಯರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿದ್ದರೆ, ಇಲ್ಲಿ ಹುಟ್ಟಿದ ಮಗುವೂ ಹುಟ್ಟಿನಿಂದ ಭಾರತೀಯ ಪ್ರಜೆಯಲ್ಲ. ಎಂದರೆ ತಂದೆತಾಯಿಯ ಕಾಗದದ ದೋಷ ಮಗುವಿಗೆ ಕಾನೂನಿನ ಮೂಲಕವೇ ಇಳಿದು ಬರುತ್ತದೆ.

2024ರ ಅಕ್ಟೋಬರ್‌ನಲ್ಲಿ ಮಲ್ಪೆಯಲ್ಲಿ ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದು ನಕಲಿ ಆಧಾರ್ ಇಟ್ಟುಕೊಂಡಿದ್ದ ಆರೋಪದ ಮೇಲೆ ಕೆಲವರ ಬಂಧನವಾದ ಮೇಲೆ ಈ ಮಾತು ಉಡುಪಿಯ ಬಾಗಿಲಿಗೂ ಬಂದಿದೆ. ನಕಲಿ ದಾಖಲೆ ಅಪರಾಧ, ಅದಕ್ಕೆ ತನಿಖೆ ನಡೆಯಲೇಬೇಕು. ಪ್ರಕರಣ ದೊಡ್ಡವರದಾಗಿರುವಷ್ಟು ಕಾಲ ಧರ್ಮಸಂಕಟವಿಲ್ಲ. ಅಂಥದ್ದೇ ಒಂದು ಬಾಡಿಗೆ ಕೋಣೆಯಲ್ಲಿ ಆರು ವರ್ಷದ ಮಗುವೊಂದು ಇದ್ದರೆ ಅದನ್ನು ಏನು ಮಾಡಬೇಕು ಎಂಬಲ್ಲಿ ಸಂಕಟ ಶುರುವಾಗುತ್ತದೆ.

ಶಾಸ್ತ್ರಗಳು ಹೇಳುವುದೇನು

ಶರಣಾಗತನ ಪ್ರಶ್ನೆಗೆ ರಾಮಾಯಣದ ಯುದ್ಧಕಾಂಡದಲ್ಲಿ ಒಂದು ಪೂರ್ಣ ಚರ್ಚೆಯೇ ಇದೆ. ಶತ್ರುವಿನ ನಾಡಿನಿಂದ ವಿಭೀಷಣ ಬಂದು ನಿಂತಾಗ ಸುಗ್ರೀವ ಅವನನ್ನು ಗೂಢಚಾರನೆಂದು ಶಂಕಿಸುತ್ತಾನೆ. ಆ ಶಂಕೆಯಲ್ಲಿ ತಪ್ಪಿಲ್ಲ. ಪಾಳೆಯ ಕಾಯುವವನ ಕೆಲಸವೇ ಅದು. ಹನುಮಂತ ಬಂದವನ ಮಾತು, ಮುಖಭಾವ, ನಡತೆ ನೋಡಿ ಇವನು ನಂಬಿಗಸ್ಥ ಎನ್ನುತ್ತಾನೆ. ಎಲ್ಲರ ಮಾತನ್ನೂ ಕೇಳಿದ ಮೇಲೆ ರಾಮ ಅಭಯ ಕೊಡುತ್ತಾನೆ. ಇಲ್ಲಿ ಪರೀಕ್ಷೆಯೂ ಇದೆ, ಅಭಯವೂ ಇದೆ. ಉಡುಪಿಯ ಮಾಧ್ವ ಪರಂಪರೆಗೆ ಹನುಮಂತ ವಾಯುವಿನ ಮೊದಲ ಅವತಾರ, ಮಧ್ವರು ಮೂರನೆಯವರು. ಪರೀಕ್ಷಿಸು, ಆದರೆ ದೂಡಬೇಡ ಎಂಬ ನಿಲುವು ಆ ಪರಂಪರೆಯ ಮೂಲದಲ್ಲೇ ಇದೆ.

ಮಗುವಿನ ಪ್ರಶ್ನೆ ಇನ್ನೂ ಸೂಕ್ಷ್ಮ, ಏಕೆಂದರೆ ಮಗು ಶರಣು ಬಂದದ್ದಲ್ಲ, ಕರೆತರಲ್ಪಟ್ಟದ್ದು. ಆಯ್ಕೆಯೇ ಇಲ್ಲದವರಿಗೆ ಹೊಣೆ ಹೊರಿಸಬಹುದೇ? ಮಧ್ವರ ಪಂಚಭೇದದಲ್ಲಿ ಜೀವ ಜೀವಕ್ಕಿರುವ ಭೇದವೂ ಒಂದು. ತಂದೆ ಒಂದು ಜೀವ, ಮಗ ಇನ್ನೊಂದು. ಅವರವರ ಕರ್ಮ ಅವರವರದು. ಜೀವರಲ್ಲಿ ತಾರತಮ್ಯವನ್ನು ಒಪ್ಪುವ ಈ ಮತವೂ ಒಬ್ಬನ ಕರ್ತೃತ್ವವನ್ನು ಇನ್ನೊಬ್ಬನ ತಲೆಗೆ ಕಟ್ಟುವುದಿಲ್ಲ.

ಕಾರ್ಕಳದ ಜೈನ ಪರಂಪರೆಯ ಉತ್ತರ ಕಲ್ಲಿನಲ್ಲೇ ನಿಂತಿದೆ. ಭರತ ಬಾಹುಬಲಿಯರ ಕಥೆಯನ್ನು ಕನ್ನಡದಲ್ಲಿ ಮೊದಲಿಗೆ ವಿಸ್ತಾರವಾಗಿ ಹೇಳಿದ್ದು 941ರ ಪಂಪನ ಆದಿಪುರಾಣ. ಎರಡೂ ಸೇನೆಗಳು ಎದುರು ನಿಂತಾಗ ಮಂತ್ರಿಗಳು ತಡೆಯುತ್ತಾರೆ. ರಾಜ್ಯದ ಜಗಳ ಅಣ್ಣತಮ್ಮಂದಿರದು, ಸೈನಿಕರ ಜೀವ ಏಕೆ ಹೋಗಬೇಕು ಎಂಬುದು ಅವರ ವಾದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಇಬ್ಬರ ನಡುವೆಯೇ ನಡೆಯುತ್ತವೆ. ರಾಜ್ಯಾಧಿಕಾರದ ವ್ಯಾಜ್ಯ ಅದಕ್ಕೆ ಸಂಬಂಧಿಸಿದವರನ್ನು ಬಿಟ್ಟು ಮುಂದೆ ಹೋಗಬಾರದು ಎಂಬ ನೀತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಥೆ ಅಪರೂಪ. ಜೈನರ ಚತುರ್ವಿಧ ದಾನಗಳಾದ ಆಹಾರ, ಔಷಧ, ಶಾಸ್ತ್ರ, ಅಭಯಗಳನ್ನು ವಲಸಿಗ ಮಗುವಿನ ಮುಂದಿಟ್ಟು ನೋಡಿದರೆ ಅದಕ್ಕೆ ಬೇಕಾದ್ದರ ಪಟ್ಟಿ ಬಹುಮಟ್ಟಿಗೆ ಮುಗಿಯುತ್ತದೆ: ಊಟ, ಚಿಕಿತ್ಸೆ, ಶಾಲೆ, ಹೆದರಿಕೆಯಿಲ್ಲದ ನಿದ್ದೆ.

ಧರ್ಮಶಾಸ್ತ್ರದ ತೀರ್ಪು ಇನ್ನೂ ನೇರ. ತಂದೆಯ ಸಾಲವನ್ನು ಮಗ ತೀರಿಸಬೇಕೆಂದು ಹೇಳುವ ಯಾಜ್ಞವಲ್ಕ್ಯ ಸ್ಮೃತಿ ಕೆಲವು ಬಾಕಿಗಳನ್ನು ಕಟ್ಟುನಿಟ್ಟಾಗಿ ಹೊರಗಿಡುತ್ತದೆ. ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲ ಮಗನಿಗೆ ಇಲ್ಲ. ತಂದೆ ಕಟ್ಟದೆ ಉಳಿಸಿದ ದಂಡ ಮತ್ತು ಶುಲ್ಕದ ಬಾಕಿಯೂ ಇಲ್ಲ. ಮನುಸ್ಮೃತಿಯ ನಿಲುವೂ ಇದೇ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದವನು, ಇಂದಿನ ಬಸವಕಲ್ಯಾಣದವನು. ಅವನ ಗ್ರಂಥ ಶತಮಾನಗಳ ಕಾಲ ಭಾರತದ ಬಹುಭಾಗದ ಹಿಂದೂ ಕುಟುಂಬ ಕಾನೂನಿಗೆ ಆಧಾರವಾಗಿತ್ತು. ಆಸ್ತಿಯ ಜೊತೆ ಸಾಲ ಇಳಿದು ಬರಬಹುದು, ಶಿಕ್ಷೆ ಇಳಿದು ಬರುವುದಿಲ್ಲ. ಇಷ್ಟು ಹಳೆಯದಾದ ಈ ಭೇದವನ್ನು ಇಂದಿನ ವಲಸೆ ಕಾನೂನು ಹಲವು ಕಡೆ ಮರೆತಿದೆ.

ಕ್ರೈಸ್ತರ ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಬೋಧನೆ ಇದೇ ದಿಕ್ಕಿನದು: ತಂದೆಯ ಪಾಪವನ್ನು ಮಗ ಹೊರಬೇಕಾಗಿಲ್ಲ. ಬಾಲಯೇಸುವೇ ಹೆರೋದನಿಗೆ ಹೆದರಿದ ತಂದೆತಾಯಿಯ ಜೊತೆ ಈಜಿಪ್ಟಿಗೆ ಹೋಗಿ ಪರದೇಶಿಯಾಗಿದ್ದವನು. ಅತ್ತೂರಿನಲ್ಲಿ ಪೂಜಿತರಾದ ಸಂತ ಲಾರೆನ್ಸರು 258ರಲ್ಲಿ ರೋಮಿನಲ್ಲಿ ಹುತಾತ್ಮರಾದವರು. ಇಗರ್ಜಿಯ ಸಂಪತ್ತನ್ನು ಒಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದಾಗ ಅವರು ಊರಿನ ಬಡವರನ್ನೂ ಅಂಗವಿಕಲರನ್ನೂ ಕರೆತಂದು ಎದುರು ನಿಲ್ಲಿಸಿದರೆಂಬ ಐತಿಹ್ಯವಿದೆ. ಇಸ್ಲಾಮಿನ ಕಾಲಗಣನೆ ಆರಂಭವಾಗುವುದೇ ಅದರ ಪ್ರವಾದಿ 622ರಲ್ಲಿ ಮೆಕ್ಕಾ ಬಿಟ್ಟು ಹೋದ ವಲಸೆಯಿಂದ. ಅದಕ್ಕೂ ಮೊದಲು ಮೆಕ್ಕಾದಲ್ಲಿ ಹಿಂಸೆಗೊಳಗಾದ ಮುಸ್ಲಿಮರಿಗೆ ಆಸರೆ ಕೊಟ್ಟವನು ಅಬಿಸೀನಿಯಾದ ಕ್ರೈಸ್ತ ದೊರೆ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಕುರ್‌ಆನಿನ ಬೋಧನೆ; ಝಕಾತ್ ಪಡೆಯಲು ಅರ್ಹರಾದವರಲ್ಲಿ ದಾರಿಹೋಕನೂ ಸೇರಿದ್ದಾನೆ. ದೇವರ ಸ್ವರೂಪದಲ್ಲಿ, ಮುಕ್ತಿಯ ದಾರಿಯಲ್ಲಿ ಈ ಮತಗಳಿಗೆ ಒಮ್ಮತವಿಲ್ಲ. ಹೊಣೆ ಮಾಡಿದವನದು ಎಂಬಲ್ಲಿ ಮಾತ್ರ ಎಲ್ಲವೂ ಒಂದೇ ಕಡೆ ನಿಲ್ಲುತ್ತವೆ.

ಆಕ್ಷೇಪಗಳು

ಈ ನಿಲುವಿಗೆ ನಾಲ್ಕು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಕರ್ಮದ್ದು: ಮಗುವಿನ ಕಷ್ಟ ಅದರದೇ ಪ್ರಾರಬ್ಧ, ನಾವೇನು ಮಾಡಲಾದೀತು? ಕರ್ಮಸಿದ್ಧಾಂತ ಅನುಭವಿಸುವವನಿಗೆ ಸಮಾಧಾನ ಹೇಳಬಹುದು. ನೋವು ಕೊಡುವವನಿಗೆ ಪರವಾನಗಿ ಕೊಡುವುದಿಲ್ಲ. ಮಗುವಿನ ಪ್ರಾರಬ್ಧ ಏನೇ ಇರಲಿ, ಮಗುವನ್ನು ಅಳುವಂತೆ ಮಾಡಿದವನಿಗೆ ಹೊಸ ಕರ್ಮ ಅಂಟುತ್ತದೆ ಎಂಬುದೂ ಅದೇ ಸಿದ್ಧಾಂತದ ಮಾತು.

ಎರಡನೆಯದು ದಂಡನೀತಿಯದು: ಕಳ್ಳನನ್ನು ಜೈಲಿಗೆ ಹಾಕಿದರೂ ಅವನ ಮಕ್ಕಳು ನರಳುತ್ತಾರೆ, ಹಾಗೆಂದು ಕಳ್ಳನನ್ನು ಬಿಡುತ್ತಾರೆಯೇ? ಬಿಡಬೇಕಾಗಿಲ್ಲ. ತಪ್ಪಿಸಲಾಗದ ನೋವು ಬೇರೆ, ತಪ್ಪಿಸಬಹುದಾಗಿದ್ದೂ ಕೊಟ್ಟ ನೋವು ಬೇರೆ. ತಂದೆಯ ಮೇಲೆ ಕ್ರಮ ಕೈಗೊಳ್ಳುವುದು ಮೊದಲನೆಯದು. ಮಗುವಿನ ಕಣ್ಣೆದುರೇ ಕೈಕೋಳ ಹಾಕುವುದು, ಸಂಜೆ ಶಾಲೆ ಬಿಟ್ಟಾಗ ಕರೆದೊಯ್ಯಲು ಯಾರೂ ಇಲ್ಲದಂತೆ ಮಾಡುವುದು, ಭಾಷೆ ಬಾರದ ಕಚೇರಿಯಲ್ಲಿ ಗಂಟೆಗಟ್ಟಲೆ ಕೂರಿಸುವುದು ಎರಡನೆಯದು. ಇತರರನ್ನು ಹೆದರಿಸುವುದಕ್ಕಾಗಿಯೇ ತಾಯಿ ಮಗುವನ್ನು ಬೇರ್ಪಡಿಸಿದರೆ ಮಗು ಶಿಕ್ಷೆಯ ಸಾಧನವಾಗುತ್ತದೆ. ಅದಕ್ಕೆ ಯಾವ ದಂಡನೀತಿಯ ಆಧಾರವೂ ಇಲ್ಲ.

ಮೂರನೆಯದು ವ್ಯವಹಾರದ್ದು: ಮಕ್ಕಳಿಗೆ ರಿಯಾಯಿತಿ ಕೊಟ್ಟರೆ ಮಕ್ಕಳನ್ನು ಮುಂದಿಟ್ಟುಕೊಂಡು ಬರುವವರು ಹೆಚ್ಚುತ್ತಾರೆ. ಈ ಭಯ ಪೂರ್ತಿ ಸುಳ್ಳಲ್ಲ. ಆದರೆ ಇದು ವಾಸದ ಹಕ್ಕು ಕೊಡುವ ಬಗ್ಗೆ ಎಚ್ಚರ ಹೇಳುತ್ತದೆ. ಇರುವಷ್ಟು ದಿನ ಮಗುವಿಗೆ ಅನ್ನ, ಔಷಧ, ಪಾಠ ಕೊಡಬಾರದು ಎಂಬಲ್ಲಿಗೆ ಇದರಿಂದ ಹೋಗಲಾಗುವುದಿಲ್ಲ.

ನಾಲ್ಕನೆಯದು ನಮ್ಮವರು ಮೊದಲು ಎಂಬುದು. ಹೊರಗಿನವರಿಗಿಂತ ನಮ್ಮ ಮಕ್ಕಳ ಹಕ್ಕು ಮೊದಲಿನದಲ್ಲವೇ? ಸಂಪನ್ಮೂಲ ಹಂಚುವಾಗ ಈ ಪ್ರಶ್ನೆಗೆ ಜಾಗವಿದೆ. ಆದರೆ ರಿಯಾದಿನಲ್ಲೋ ನ್ಯೂಜೆರ್ಸಿಯಲ್ಲೋ ಉಡುಪಿಯ ಮಗು ಅಲ್ಲಿಯವರಿಗೆ ಹೊರಗಿನದು. ಅಲ್ಲಿ ಅದಕ್ಕೆ ಬೇಕೆಂದು ನಾವು ಕೇಳುವ ದಯೆಯನ್ನು ಇಲ್ಲಿ ಇನ್ನೊಬ್ಬರ ಮಗುವಿಗೆ ನಿರಾಕರಿಸಿದರೆ ನಮ್ಮ ಬೇಡಿಕೆಗೆ ಬಲ ಉಳಿಯುವುದಿಲ್ಲ.

ಕಾನೂನು ಒಪ್ಪಿರುವುದು

ಈ ವಿಚಾರಗಳು ಕಾನೂನಿಗೆ ಹೊರತಾದವಲ್ಲ. ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಪ್ರಜೆಗಳಿಗಷ್ಟೇ ಅಲ್ಲ, ಇಲ್ಲಿರುವ ಪ್ರತಿ ವ್ಯಕ್ತಿಗೂ ಕೊಡುತ್ತದೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿನ ಬಗ್ಗೆ ಮಾತನಾಡುತ್ತದೆ. ರೋಹಿಂಗ್ಯಾ ಮಕ್ಕಳು ಪ್ರವೇಶಕ್ಕಾಗಿ ಶಾಲೆಗಳನ್ನೇ ಕೇಳಬಹುದೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ, ಕಾಗದವಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿತ್ತು. ತಂದೆತಾಯಿಯ ನಡತೆಗೆ ಮಕ್ಕಳನ್ನು ಶಿಕ್ಷಿಸುವುದು ನ್ಯಾಯವಲ್ಲ ಎಂಬುದು ಆ ತೀರ್ಪಿನ ಒಂದು ಮುಖ್ಯ ಆಧಾರ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿದೆ. ಮಗುವಿನ ಹಿತಕ್ಕೆ ಆದ್ಯತೆ, ತಂದೆತಾಯಿಯಿಂದ ಬೇರ್ಪಡದಿರುವ ಹಕ್ಕು ಅದರಲ್ಲಿವೆ. ಅಮೆರಿಕ ಸಹಿ ಹಾಕಿದರೂ ಅದನ್ನು ಅನುಮೋದಿಸಿಲ್ಲ. 2015ರ ಬಾಲನ್ಯಾಯ ಕಾಯ್ದೆ 18 ತುಂಬದ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎನ್ನುತ್ತದೆ. ತಾಯಿ ಸೆರೆಮನೆಯಲ್ಲಿದ್ದರೆ 6 ವರ್ಷದವರೆಗಿನ ಮಗು ಅವಳ ಜೊತೆ ಇರಬಹುದು, ಆದರೆ ಅದನ್ನು ಕೈದಿಯಂತೆ ನೋಡುವಂತಿಲ್ಲ ಎಂಬ 2006ರ ತೀರ್ಪೂ ಇದೆ. ಇಷ್ಟಾದರೂ ಪೌರತ್ವದ ಪ್ರಶ್ನೆಯಲ್ಲಿ ಮಗುವಿನ ಕೈ ಖಾಲಿಯೇ. ನಮ್ಮ ಕಾನೂನು ಮಗುವಿನ ದೇಹವನ್ನು ಕಾಯುತ್ತದೆ, ಅದಕ್ಕೊಂದು ದೇಶ ಕೊಡಲು ಹಿಂಜರಿಯುತ್ತದೆ.

ಯಾರ ಕರ್ತವ್ಯ ಏನು

ಮೊದಲ ಕರ್ತವ್ಯ ಕುಟುಂಬದ್ದು. ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು 1 ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿಗೆ ಕಾಯಬೇಕಾಗುತ್ತದೆ. ಜನನ ಪತ್ರ, ಪಾಸ್‌ಪೋರ್ಟ್, ಲಸಿಕೆ ಕಾರ್ಡ್, ಅಂಕಪಟ್ಟಿಗಳ ಪ್ರತಿ ಊರಿನ ಮನೆಯಲ್ಲೂ ಇರಬೇಕು. ತಮಗೇನಾದರೂ ಆದರೆ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ತಂದೆತಾಯಿ ಮೊದಲೇ ಬರೆದಿಡುವುದು ಒಳ್ಳೆಯದು. ಅಳಿಯಸಂತಾನ ಪದ್ಧತಿಯ ತುಳುನಾಡಿಗೆ ಈ ಯೋಚನೆ ಹೊಸದಲ್ಲ. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ತಂದೆ ಇರಲಿ ಇಲ್ಲದಿರಲಿ, ಸೋದರಮಾವನ ಮನೆಯಲ್ಲಿ ಅದಕ್ಕೊಂದು ಎಲೆ ಇದ್ದೇ ಇರುತ್ತಿತ್ತು. ಆಸ್ತಿಯ ಕಾನೂನು ಬದಲಾಗಿದೆ, ಆ ಹೊಣೆಗಾರಿಕೆಯನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ. ವಿದೇಶದಲ್ಲಿ ಸಂಕಟಕ್ಕೆ ಸಿಕ್ಕಿದವರ ನೆರವಿಗೆ ದೂತಾವಾಸಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಯುಎಇ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಾಡಿದಂತೆ ಕ್ಷಮಾದಾನದ ಅವಧಿ ಘೋಷಣೆಯಾದಾಗ ಅದನ್ನು ಕೈಬಿಡಬಾರದು.

ಶಾಲೆಗಳ ಕರ್ತವ್ಯವನ್ನು ಶಿಕ್ಷಣ ಹಕ್ಕು ಕಾಯ್ದೆಯೇ ಬರೆದಿಟ್ಟಿದೆ. ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಗಲ್ಫ್‌ನಿಂದ ಮರಳಿದ ಮಗುವಿಗೂ ಮಲ್ಪೆ ಬಂದರಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡಿನವರ ಮಗುವಿಗೂ ಇದು ಒಂದೇ ರೀತಿ ಅನ್ವಯಿಸುತ್ತದೆ. ಹೊಸ ಊರು, ಹೊಸ ಭಾಷೆ, ದೂರವಾದ ಅಪ್ಪ, ಇವೆಲ್ಲ ಒಟ್ಟಿಗೆ ಬಂದಾಗ ಮಗು ರಾತ್ರಿ ಬೆಚ್ಚುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ಖಾಕಿ ಕಂಡರೆ ಅಡಗುತ್ತದೆ. ಇದನ್ನು ತುಂಟತನ ಎಂದು ಗದರುವ ಬದಲು ಶಿಕ್ಷಕರು ಗುರುತಿಸಬೇಕು. 1953ರಲ್ಲಿ ಟಿ.ಎಂ.ಎ. ಪೈ ಕಟ್ಟಿದ ವೈದ್ಯಕೀಯ ಕಾಲೇಜು ಇರುವ ಮಣಿಪಾಲ ಹತ್ತಿರವಿರುವಾಗ ಮಕ್ಕಳ ಮನೋವೈದ್ಯರ ಸಲಹೆ ಈ ಭಾಗದವರಿಗೆ ಎಟುಕದ್ದೇನಲ್ಲ.

ಆಸ್ಪತ್ರೆಗಳ ಮುಂದೆ ಹೊಸದೊಂದು ಪ್ರಶ್ನೆಯಿದೆ. 2025ರ ಕಾಯ್ದೆಯ ಪ್ರಕಾರ ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆಗಳೂ ವಿಶ್ವವಿದ್ಯಾಲಯಗಳೂ ಸರ್ಕಾರಕ್ಕೆ ಕೊಡಬೇಕು. ಕಾನೂನು ಪಾಲಿಸಬೇಕಾದದ್ದೇ. ಆದರೆ ಜ್ವರದ ಮಗು ಬಂದಾಗ ಮೊದಲು ಥರ್ಮಾಮೀಟರ್, ಆಮೇಲೆ ಫಾರಂ ಎಂಬ ಕ್ರಮ ತಪ್ಪಬಾರದು. ವರದಿಗೆ ಹೆದರಿ ತಾಯಿ ಮಗುವನ್ನು ಆಸ್ಪತ್ರೆಗೇ ತರದಿದ್ದರೆ ಔಷಧದಾನದ ಅರ್ಥವೇ ಹೋಗುತ್ತದೆ.

ಪೊಲೀಸರಿಂದ ನಿರೀಕ್ಷಿಸುವುದು ಹೆಚ್ಚೇನಲ್ಲ. ಮಕ್ಕಳಿರುವ ಮನೆಗೆ ಹೋಗುವಾಗ ಮಹಿಳಾ ಸಿಬ್ಬಂದಿ ಮತ್ತು ಭಾಷೆ ಬಲ್ಲವರು ಜೊತೆಗಿರಲಿ. ಶಾಲೆಯ ಆವರಣದಲ್ಲಿ ಬಂಧನ ಬೇಡ. ಮಗುವಿನ ವಿಷಯವನ್ನು ಕೂಡಲೇ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲಿ. ನೆರೆಯವರಿಗೆ 1098 ಸಂಖ್ಯೆಯ ಮಕ್ಕಳ ಸಹಾಯವಾಣಿ ಗೊತ್ತಿರಲಿ. ಮಠ, ಬಸದಿ, ಇಗರ್ಜಿ, ಮಸೀದಿಗಳು ಕಾನೂನಿನಿಂದ ಯಾರನ್ನೂ ಬಚ್ಚಿಡಬೇಕಾಗಿಲ್ಲ. ಹಸಿದು ಬಂದ ಮಗುವಿನ ಕಾಗದ ಕೇಳದೆ ಬಡಿಸುವುದು, ಒಬ್ಬ ವಕೀಲನನ್ನೋ ದುಭಾಷಿಯನ್ನೋ ಹುಡುಕಿಕೊಡುವುದು, ತಂದೆತಾಯಿ ಸೆರೆಯಲ್ಲಿರುವ ದಿನಗಳಲ್ಲಿ ಮಗುವಿನ ಸುದ್ದಿಯನ್ನು ಅವರಿಗೆ ತಲುಪಿಸುವುದು, ಇವಿಷ್ಟಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಎಲ್ಲೆ ಕಾಯುವುದು ರಾಜ್ಯದ ಧರ್ಮ. ಅದನ್ನು ಯಾವ ಮತವೂ ಅಲ್ಲಗಳೆದಿಲ್ಲ. ಆದರೆ ದಂಡಕ್ಕೂ ಒಂದು ಎಲ್ಲೆ ಇದೆ, ಅದು ತಪ್ಪು ಮಾಡಿದವನಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಮಗುವಿನವರೆಗೆ ಚಾಚುವ ಕೈ, ಅದು ಯಾವ ದೇಶದ್ದೇ ಆಗಿರಲಿ, ರಾಜಧರ್ಮವನ್ನು ಮೀರಿದ ಕೈ. ಅದನ್ನು ಕಾನೂನಿನ ದಾರಿಯಲ್ಲೇ ತಡೆಯುವುದು, ತಡೆಯಲಾಗದಿದ್ದರೆ ಮಗುವಿನ ಪಕ್ಕ ನಿಲ್ಲುವುದು ಉಳಿದವರ ಕರ್ತವ್ಯ.